ಚೀಟಿ ಹೇಳುವುದೊಂದು, ಮರ ಹೇಳುವುದೊಂದು

ಪುಣೆಯ ಶಿವಾಜಿನಗರದಿಂದ ವಿಶ್ವವಿದ್ಯಾಲಯದ ಕಡೆಗೆ ಸಾಗುವ ಗಣೇಶಖಿಂಡ್ ರಸ್ತೆಯ ಆಸುಪಾಸಿಗೆ ಕನ್ನಡ ಸೀಮೆಯ ಎರಡು ನಂಟುಗಳಿವೆ. ಒಂದು, ಸವಾಯಿ ಗಂಧರ್ವ ಸ್ಮಾರಕ. ಸವಾಯಿ ಗಂಧರ್ವರೆಂದು ಹೆಸರಾದ, ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು ಅಬ್ದುಲ್ ಕರೀಂ ಖಾನರ ಶಿಷ್ಯರು, ಗದಗಿನ ಭೀಮಸೇನ ಜೋಶಿಯವರ ಗುರುಗಳು. ಅವರ ಹೆಸರಿನ ಸಂಗೀತೋತ್ಸವ ಪುಣೆಯಲ್ಲಿ ಶುರುವಾದದ್ದು 1953ರಲ್ಲಿ. ಇನ್ನೊಂದು, ರಾಮದುರ್ಗ ಹೌಸ್ ಎಂಬ ಹಳೆಯ ವಿಳಾಸ. ಇಂದು ಬೆಳಗಾವಿ ಜಿಲ್ಲೆಗೆ ಸೇರಿರುವ ರಾಮದುರ್ಗ ಸಂಸ್ಥಾನದ ಹೆಸರು ಹೊತ್ತ ಆ ಕಟ್ಟಡದಲ್ಲಿ 1962ರ ನವೆಂಬರ್‌ನಲ್ಲಿ ಉಷ್ಣವಲಯದ ಹವಾಮಾನ ಅಧ್ಯಯನ ಸಂಸ್ಥೆ ಕಣ್ಣು ಬಿಟ್ಟಿತು. ಆಮೇಲೆ ಪಾಷಾಣಕ್ಕೆ ಹೋದ ಆ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಿಂದ ತೇಗದ ಮರಗಳ ವಾರ್ಷಿಕ ಉಂಗುರಗಳನ್ನು ಅಳೆಯುತ್ತ, ಹಿಂದೆ ಯಾವ ವರ್ಷ ಮಳೆ ಹೇಗಿತ್ತೆಂಬ ಲೆಕ್ಕವನ್ನು ಮರದಿಂದಲೇ ಓದತೊಡಗಿದರು.

ಒಂದು ಕಡೆ ತಂಬೂರಿ, ಇನ್ನೊಂದು ಕಡೆ ಮರದ ಉಂಗುರ. ಇವೆರಡನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದರೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಹಳೆಯ ವಾದ್ಯ ಕೈ ಬದಲಾಗುವಾಗ ಅದರ ಜತೆಗೆ ಒಂದು ಕತೆಯೂ ಕೈ ಬದಲಾಗುತ್ತದೆ. ಈ ತಂಬೂರಿ ಖಾನ್ ಸಾಹೇಬರ ಕಾಲದ್ದು, ಈ ವೀಣೆ ಅರಮನೆಯ ವಿದ್ವಾಂಸರ ಮನೆಯಿಂದ ಬಂದದ್ದು, ಈ ಪೆಟ್ಟಿಗೆಯ ರೀಡು ಪ್ಯಾರಿಸಿನದು. ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಅವರಿಗೆ ಅವರ ಹಿರಿಯರು ಹೇಳಿದ್ದು ಅಷ್ಟೇ. ಆದರೆ ವಸ್ತುಸಂಗ್ರಹಾಲಯದವರು ಗಾಜಿನ ಪೆಟ್ಟಿಗೆಯ ಮುಂದೆ ಒಂದು ಇಸವಿ ಬರೆದು ನಿಲ್ಲಿಸಬೇಕಾದಾಗ, ಕೊಳ್ಳುವವರು ಲಕ್ಷಗಟ್ಟಲೆ ಹಣ ಎಣಿಸಬೇಕಾದಾಗ, ಹಿರಿಯರ ಮಾತೊಂದೇ ಸಾಲದು. ಆಗ ಕೇಳಬೇಕಾದದ್ದು ಮರವನ್ನು, ಬುರುಡೆಯನ್ನು, ಹಿತ್ತಾಳೆಯನ್ನು, ಅರಗನ್ನು.

ಹಾಗೆ ಕೇಳುವ ವಿದ್ಯೆ ಹೆಚ್ಚು ಪಳಗಿರುವುದು ಪಿಟೀಲಿನಲ್ಲಿ. ಅದಕ್ಕೆ ಕಾರಣವೂ ಇದೆ: ಪಿಟೀಲಿನಷ್ಟು ಸುಳ್ಳು ಚೀಟಿ ಅಂಟಿಸಿಕೊಂಡ ವಾದ್ಯ ಬೇರೆ ಇರಲಾರದು. ಇಟಲಿಯ ಕ್ರೆಮೋನಾದ ಆಂಟೋನಿಯೋ ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡ. 19ನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ಸ್ಯಾಕ್ಸನಿಯಲ್ಲಿ, ಫ್ರಾನ್ಸಿನ ಮಿರ್‌ಕೂರ್‌ನಲ್ಲಿ ಕಾರ್ಖಾನೆಗಳು ಪಿಟೀಲುಗಳನ್ನು ರಾಶಿರಾಶಿಯಾಗಿ ಮಾಡಿ, ಒಳಗೆ ಅವನ ಹೆಸರಿನ ಲ್ಯಾಟಿನ್ ಚೀಟಿ ಅಂಟಿಸಿ ಲೋಕಕ್ಕೆಲ್ಲ ಕಳಿಸಿದವು. ಆಗ ಅದು ಮೋಸವೆನಿಸುತ್ತಿರಲಿಲ್ಲ. ಮಾದರಿ ಯಾರದೆಂದು ತಿಳಿಸುವ ರೂಢಿ ಅಷ್ಟೇ. ಎರಡು ತಲೆಮಾರು ಕಳೆದ ಮೇಲೆ ಮೊಮ್ಮಕ್ಕಳು ಟಾರ್ಚ್ ಹಿಡಿದು ರಂಧ್ರದೊಳಗೆ ಇಣುಕಿದಾಗ ಮಾತ್ರ ಆ ಚೀಟಿಗೆ ಬೇರೆಯೇ ಅರ್ಥ ಬರುತ್ತದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ‘ಮೆಸ್ಸಾಯ’ ಎಂಬ ಪಿಟೀಲಿದೆ. ಅದರ ಮೇಲಿನ ಇಸವಿ 1716. ಅದು ಹೆಚ್ಚುಕಡಿಮೆ ನುಡಿಸದೇ ಉಳಿದ, ಹೊಸದರಂತೆ ಹೊಳೆಯುವ ವಾದ್ಯ. ಅನುಮಾನ ಹುಟ್ಟಿದ್ದೂ ಆ ಹೊಳಪಿನಿಂದಲೇ. 1855ರಲ್ಲಿ ಇದನ್ನು ಕೊಂಡಿದ್ದವನು ಪ್ಯಾರಿಸಿನ ವಿಯೋಮ್. ಹಳೆಯ ಪಿಟೀಲುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನಕಲು ಮಾಡುವುದರಲ್ಲಿ ಅವನದು ಎತ್ತಿದ ಕೈ. ಹಾಗಾದರೆ ಇದೂ ಅವನ ಕೈಕೆಲಸವೇ? 1990ರ ದಶಕದ ಕೊನೆಯಲ್ಲಿ ಈ ಪ್ರಶ್ನೆ ಬಹಿರಂಗವಾಗಿ ಎದ್ದಿತು. ಫೋಟೋಗಳನ್ನು ನೋಡಿ ಉಂಗುರ ಎಣಿಸಿದಾಗ 1738 ಎಂಬ ಇಸವಿ ಬಂತೆಂಬ ಸುದ್ದಿಯೂ ಹರಡಿತು. ಮೇಸ್ತ್ರಿ ಸತ್ತ ಮರುವರ್ಷ ಬೆಳೆದ ಮರದಿಂದ ಮೇಸ್ತ್ರಿಯೇ ಪಿಟೀಲು ಮಾಡಲು ಸಾಧ್ಯವಿಲ್ಲವಲ್ಲ.

ಅಳತೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಪಿಟೀಲಿನ ಮುಂಭಾಗದ ಹಲಗೆ ಸ್ಪ್ರೂಸ್ ಮರದ್ದು. ಆಲ್ಪ್ಸ್ ಬೆಟ್ಟದ ಚಳಿಯಲ್ಲಿ ನಿಧಾನವಾಗಿ ಬೆಳೆಯುವ ಮರವದು. ವಸಂತದಲ್ಲಿ ಬೆಳೆದ ಭಾಗ ತಿಳಿಬಣ್ಣ, ಬೇಸಿಗೆಯ ಕೊನೆಯಲ್ಲಿ ಬೆಳೆದದ್ದು ಕಡುಗಂದು. ಎರಡೂ ಸೇರಿ ಒಂದು ವರ್ಷ. ತಂತಿಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಆ ಸಣ್ಣ ಗೆರೆಗಳೇ ಅವು. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಗೆರೆಯ ಅಗಲವನ್ನೂ ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗೆ ಅಳೆದು ಸಾಲಾಗಿ ಬರೆದುಕೊಳ್ಳುತ್ತಾರೆ. ಚಳಿ ಹೆಚ್ಚಿದ ವರ್ಷ ಕಿರಿದು, ಹದವಾದ ವರ್ಷ ಅಗಲ. ಹೀಗೆ ನೂರಿನ್ನೂರು ವರ್ಷಗಳ ಏರಿಳಿತದ ಒಂದು ಗೆರೆಚಿತ್ರ ಸಿಗುತ್ತದೆ. ಅದೇ ಬೆಟ್ಟಸಾಲಿನ, ಇಸವಿ ಖಚಿತವಾಗಿ ಗೊತ್ತಿರುವ ಮರಗಳ ಗೆರೆಚಿತ್ರದ ಪಕ್ಕದಲ್ಲಿ ಅದನ್ನಿಟ್ಟು ಜರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಏರಿಗೆ ಏರು, ಇಳಿತಕ್ಕೆ ಇಳಿತ ಕೂಡಿಕೊಳ್ಳುತ್ತದೆ. ವಾದ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ಮೆಸ್ಸಾಯದ ಮೇಲೆ ಒಂದಕ್ಕಿಂತ ಹೆಚ್ಚು ತಂಡಗಳು ಹೀಗೆ ಕೆಲಸ ಮಾಡಿದವು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅದರ ಉಂಗುರಗಳು 1577ರಿಂದ 1687ರವರೆಗಿನವು. ಅಂದರೆ ಮರ 1687ಕ್ಕಿಂತ ಮೊದಲು ಉರುಳಿರಲಾರದು. ಕಡಿದು, ಒಣಗಿಸಿ, ಹೊರಗಿನ ಪದರ ಕೆತ್ತಿ ತೆಗೆದು 1716ರಲ್ಲಿ ವಾದ್ಯ ಮಾಡಿರಲು ಅಡ್ಡಿಯಿಲ್ಲ. ಗಮನಿಸಿ, ಇದು ಸ್ಟ್ರಾಡಿವಾರಿಯ ಕೈಬರಹವಲ್ಲ. ಹಳೆಯ ಹಲಗೆಯನ್ನು ಹೊಂಚಿ ತಂದು ಹೊಸ ಪಿಟೀಲು ಮಾಡುವುದು ಅಸಾಧ್ಯವೇನಲ್ಲ. ಉಂಗುರ ಹೇಳುವುದು ಒಂದೇ ಮಾತು: ‘ಇದಕ್ಕಿಂತ ಹಳೆಯದಿರಲಾರದು’. ಆ ಒಂದು ಮಾತಿಗೆ ಎಷ್ಟು ಬಲವಿದೆ ಎಂಬುದು ಇನ್ನೊಂದು ವಾದ್ಯದ ಮುಂದೆ ಗೊತ್ತಾಯಿತು. ಅಮೆರಿಕದ ಪ್ರಸಿದ್ಧ ಡಬಲ್ ಬೇಸ್ ವಾದ್ಯವೊಂದನ್ನು ಇಟಲಿಯ ಅಮಾಟಿ ಮನೆತನದವರು 1611ರಲ್ಲಿ ಮಾಡಿದ್ದೆಂದು ಬಹುಕಾಲ ನಂಬಲಾಗಿತ್ತು. ಉಂಗುರ ಎಣಿಸಿದಾಗ ಕೊನೆಯದು 1761ರದ್ದಾಗಿತ್ತು. ಒಂದೂವರೆ ಶತಮಾನದ ಅಂತರ! ಅಮಾಟಿಗಳ ಹೆಸರು ಅಲ್ಲಿಗೆ ಬಿದ್ದುಹೋಯಿತು. ವಾದ್ಯದ ನಾದ ಮಾತ್ರ ಮೊದಲು ಎಷ್ಟು ಚೆನ್ನಾಗಿತ್ತೋ ಅಷ್ಟೇ ಚೆನ್ನಾಗಿದೆ.

ನಾದದ ಮಾತು ಬಂದಿದ್ದರಿಂದ ಅದನ್ನೂ ಇಲ್ಲಿಯೇ ಮುಗಿಸಿಬಿಡಬಹುದು. ಕಿವಿ ಸಾಕ್ಷಿಯಾಗುವುದಿಲ್ಲವೇ? 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೌಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು, ಮಂದ ಬೆಳಕಿನಲ್ಲಿ ಕಣ್ಣು ಕಾಣದಂತೆ ಮಾಡಿ ನುರಿತ ವಾದಕರ ಕೈಗೆ ಹಳೆಯ ಇಟಲಿಯ ಪಿಟೀಲುಗಳನ್ನೂ ಹೊಸ ಪಿಟೀಲುಗಳನ್ನೂ ಕೊಟ್ಟರು. ಹಳೆಯದು ಯಾವುದು, ಹೊಸದು ಯಾವುದೆಂದು ಅವರಿಗೆ ಹೇಳಲಾಗಲಿಲ್ಲ. ಹಲವರು ಮೆಚ್ಚಿದ್ದು ಹೊಸದನ್ನೇ. ನಮ್ಮ ತಂಬೂರಿಯ ವಿಷಯದಲ್ಲಂತೂ ಕಿವಿಯನ್ನು ನಂಬುವುದು ಇನ್ನೂ ಕಷ್ಟ. ಅದರ ನಾದದ ಗುಟ್ಟಿರುವುದು ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯ ಸಣ್ಣ ಬಾಗಿನಲ್ಲಿ. ತಂತಿಯನ್ನು ಮೀಟಿದ ಜಾಗಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಹುಟ್ಟಲೇಬಾರದು ಎನ್ನುತ್ತದೆ ಭೌತಶಾಸ್ತ್ರದ ಹಳೆಯ ನಿಯಮ. ವೀಣೆ, ತಂಬೂರಿಗಳಲ್ಲಿ ಅವೂ ಕೇಳಿಸುತ್ತವೆ, ಅದಕ್ಕೆ ಕುದುರೆಯ ರಚನೆ ಕಾರಣ ಎಂದು ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ಬರೆದರು. ಆ ಬಾಗನ್ನು ಕಾನಸಿನಿಂದ ಉಜ್ಜಿ ಹದ ಮಾಡುವುದೇ ಜವಾರಿ ತೆಗೆಯುವ ಕೆಲಸ. ತಂತಿ ಒತ್ತಿ ಒತ್ತಿ ಗೀರು ಬಿದ್ದಾಗಲೆಲ್ಲ ಮತ್ತೆ ಉಜ್ಜಬೇಕು, ಕಡೆಗೊಮ್ಮೆ ಕುದುರೆಯನ್ನೇ ಬದಲಿಸಬೇಕು. ಹಾಗಾಗಿ ಹಳೆಯ ತಂಬೂರಿಯ ನಾದದಲ್ಲಿ ನಾವು ಕೇಳುವುದರ ಬಹುಪಾಲು ಕಳೆದ ವರ್ಷ ಜವಾರಿ ತೆಗೆದವರ ಕೈಯನ್ನು.

ಇನ್ನು ತಂಬೂರಿ ಮಾಡುವವರ ಊರಾದ ಮೀರಜಿಗೆ ಬರೋಣ. ಸಾಂಗಲಿ ಜಿಲ್ಲೆಯ ಈ ಊರಿನ ಸಂತೆಯಲ್ಲಿ ಕನ್ನಡ ಇಂದಿಗೂ ಕೇಳಿಸುತ್ತದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇಲ್ಲಿ; 1937ರಲ್ಲಿ ಮದ್ರಾಸಿನ ಕಡೆಯ ಪ್ರಯಾಣದಲ್ಲಿ ಅಸುನೀಗಿದ ಮೇಲೆ ಅವರು ಮಣ್ಣಾದದ್ದೂ ಇಲ್ಲಿಯ ದರ್ಗಾದ ಆವರಣದಲ್ಲಿ. ಸಂಸ್ಥಾನದ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದ ನಡುವಿನಲ್ಲಿ ತಂತಿವಾದ್ಯದ ಕಸುಬಿಗೆ ಹೊರಳಿದರು. ಫರೀದ್ ಸಾಹೇಬರ ಹೆಸರು ಇಂದಿಗೂ ಆ ಓಣಿಯಲ್ಲಿ ಮೊದಲಿಗೆ ಬರುತ್ತದೆ. ಧಾರವಾಡ, ಹುಬ್ಬಳ್ಳಿ, ಪುಣೆಯ ಗಾಯಕರ ಬೆನ್ನ ಹಿಂದೆ ನಿಂತು ನುಡಿದ ತಂಬೂರಿಗಳಲ್ಲಿ ಎಷ್ಟೋ ಈ ಓಣಿಯವು.

ಒಂದು ತಂಬೂರಿ ಮೀರಜಿನದೇ, ನೂರು ವರ್ಷದ್ದೇ ಎಂದು ಪರೀಕ್ಷಿಸಬೇಕಾದರೆ ಪಿಟೀಲಿನ ದಾರಿಯನ್ನೇ ಹಿಡಿಯಬಹುದೇ? ಪೂರ್ತಿ ಆಗದು. ತಂಬೂರಿಯ ದಂಡಿ, ಕೊರಳು, ಬುರುಡೆಯ ಬಾಯಿಗೆ ಮುಚ್ಚಿದ ತಬಲಿ, ಇವಕ್ಕೆ ಬಳಸುವುದು ಸಾಮಾನ್ಯವಾಗಿ ತುಣ್ ಮರ. ಎಲೆಯುದುರಿಸುವ ಈ ಮರದಲ್ಲಿ ವಾರ್ಷಿಕ ಉಂಗುರಗಳು ಕಾಣುತ್ತವೆ, ಭಾರತದಲ್ಲಿ ಅವುಗಳ ಅಧ್ಯಯನವೂ ನಡೆದಿದೆ. ಆದರೆ ಮರ ಬೇಗ ಬೆಳೆಯುತ್ತದೆ, ಉಂಗುರಗಳು ಅಗಲ; ಒಂದು ತಬಲಿಯಲ್ಲಿ ಹೋಲಿಕೆಗೆ ಸಾಕಾಗುವಷ್ಟು ವರ್ಷಗಳು ಸಿಕ್ಕುವುದು ಅಪರೂಪ. ದಕ್ಷಿಣದ ವೀಣೆಯ ಹಲಸಿನದು ಇನ್ನೂ ತೊಡಕು. ವರ್ಷವಿಡೀ ಹಸಿರಾಗಿರುವ ಆ ಮರದಲ್ಲಿ ವರ್ಷಕ್ಕೊಂದು ಎಂದು ನೆಚ್ಚಿಕೊಳ್ಳುವಂಥ ಗೆರೆಯೇ ಸ್ಪಷ್ಟವಾಗಿ ಮೂಡುವುದಿಲ್ಲ. ಚೊಕ್ಕವಾಗಿ ಲೆಕ್ಕ ಒಪ್ಪಿಸುವುದು ತೇಗ. ಪುಣೆಯ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇರಳದ ತೇಗದ ಮರಗಳಿಂದ 523 ವರ್ಷಗಳ ಉಂಗುರಮಾಲೆ ಕಟ್ಟಿತು. ಎಲ್ ನಿನೋದಿಂದ ಮುಂಗಾರು ಕೈಕೊಟ್ಟ ವರ್ಷಗಳು ಅದರಲ್ಲಿ ಕಿರಿದಾದ ಉಂಗುರಗಳಾಗಿ ಉಳಿದಿವೆ. ಮಳೆಯ ಚರಿತ್ರೆಗಾಗಿ ಕಟ್ಟಿದ ಮಾಲೆಯಿದು. ಆದರೆ ಪಶ್ಚಿಮಘಟ್ಟದ ತೇಗದಿಂದ ಮಾಡಿದ ಯಾವುದೇ ಹಳೆಯ ವಸ್ತುವಿನ ವಯಸ್ಸು ಹಿಡಿಯಲು ಬೇಕಾದ ಅಳತೆಗೋಲು ಇಂಥದೇ.

ಮರ ಕೈಕೊಟ್ಟಲ್ಲಿ ಬುರುಡೆ ಕೈಹಿಡಿಯುತ್ತದೆ. ತಂಬೂರಿಗೆ ಇರುವ, ಪಿಟೀಲಿಗೆ ಇಲ್ಲದ ಸೌಕರ್ಯವಿದು.

ಮರ ನೂರಾರು ವರ್ಷ ಬೆಳೆಯುತ್ತದೆ, ಅದರ ಒಳತಿರುಳು ಒಂದು ಕಾಲದ್ದು, ಹೊರಪದರ ಇನ್ನೊಂದು ಕಾಲದ್ದು. ಬುರುಡೆಯ ಬಳ್ಳಿ ಹಾಗಲ್ಲ; ಒಂದೇ ಹಂಗಾಮಿನಲ್ಲಿ ಹುಟ್ಟಿ, ಕಾಯಿ ಬಿಟ್ಟು, ಒಣಗಿ ಹೋಗುತ್ತದೆ. ಪಂಢರಪುರದ ಸೀಮೆಯ ಹೊಲಗಳಿಂದ ಮೀರಜಿಗೆ ಬರುವ ಆ ದೊಡ್ಡ ಬುರುಡೆಯ ಕಣಕಣವೂ ಒಂದೇ ವರ್ಷದ ಗಾಳಿಯಿಂದ ಇಂಗಾಲ ಹೀರಿಕೊಂಡದ್ದು. ಆ ಇಂಗಾಲದಲ್ಲಿ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಕಾರ್ಬನ್-14 ಇರುತ್ತದೆ. ಅದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧದಷ್ಟಾಗುತ್ತ ಹೋಗುತ್ತದೆ. ಬುರುಡೆಯ ಒಳಮೈಯಿಂದ ಕೆಲವು ಮಿಲಿಗ್ರಾಂ ಪುಡಿ ಕೆರೆದು ತೆಗೆದರೆ ಸಾಕು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯಗಳಲ್ಲಿ ಅದನ್ನು ಅಳೆಯುವ ಯಂತ್ರಗಳಿವೆ.

ಇಲ್ಲೊಂದು ಎಚ್ಚರಿಕೆ ಬೇಕು. ಸುಮಾರು 1650ರಿಂದ 1950ರವರೆಗಿನ ಮೂರು ಶತಮಾನಗಳಲ್ಲಿ ಗಾಳಿಯ ಕಾರ್ಬನ್-14 ಪ್ರಮಾಣ ಏರುತ್ತ ಇಳಿಯುತ್ತ ಅಡ್ಡಾದಿಡ್ಡಿಯಾಗಿದೆ. ಹಾಗಾಗಿ ಆ ಅವಧಿಯ ವಸ್ತುವಿಗೆ ಒಂದೇ ಉತ್ತರ ಬರುವುದಿಲ್ಲ; 1680 ಇರಬಹುದು, 1770 ಇರಬಹುದು, 1900 ಕೂಡ ಇರಬಹುದು ಎಂದು ಎರಡು ಮೂರು ಕಾಲಗಳು ಒಟ್ಟಿಗೆ ಬರುತ್ತವೆ. ಆದರೆ 1955ರ ಈಚೆಗೆ ಚಿತ್ರ ಪೂರ್ತಿ ಬದಲಾಗುತ್ತದೆ. ಅಮೆರಿಕ, ಸೋವಿಯತ್ ಒಕ್ಕೂಟಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ 1963ರ ಸುಮಾರಿಗೆ ಉತ್ತರ ಗೋಲಾರ್ಧದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. ಪರೀಕ್ಷೆಗಳು ನಿಂತ ಮೇಲೆ ಮೆಲ್ಲಗೆ ಇಳಿಯುತ್ತ ಬಂತು. ಆ ಏರು-ಇಳಿತ ಎಷ್ಟು ಕಡಿದಾಗಿದೆಯೆಂದರೆ, ಆಮೇಲೆ ಬೆಳೆದ ಬುರುಡೆಯ ಹಂಗಾಮನ್ನು ಕೆಲವೊಮ್ಮೆ ಒಂದೆರಡು ವರ್ಷದ ಅಂತರದೊಳಗೆ ಹಿಡಿಯಬಹುದು. ‘ಖಾನ್ ಸಾಹೇಬರ ಕಾಲದ್ದು’ ಎಂದು ಬಂದ ತಂಬೂರಿಯ ಬುರುಡೆಯಲ್ಲಿ ಬಾಂಬಿನ ಇಂಗಾಲ ಸಿಕ್ಕಿತೆಂದರೆ ಆ ಬುರುಡೆಯ ಮಟ್ಟಿಗೆ ಮಾತು ಮುಗಿಯಿತು. ಸಿಗದಿದ್ದರೆ ಅದು 1955ಕ್ಕಿಂತ ಹಿಂದಿನದಿರಬಹುದು. ಹಳೆಯದೆಂದು ಹೇಳಿ ಮಾರುವ ಹೊಸ ವಾದ್ಯಗಳನ್ನು ಬೇರ್ಪಡಿಸಲು ಇದು ಬಹಳ ನೆರವಾಗುತ್ತದೆ.

ವಯಸ್ಸಾಯಿತು, ಊರು? ಮೀರಜಿನದೋ ಕಲ್ಕತ್ತೆಯದೋ? ಕೆತ್ತನೆಯ ಶೈಲಿ ನೋಡಿ ಬಲ್ಲವರು ಹೇಳುತ್ತಾರೆ, ಆದರೆ ಶೈಲಿಯನ್ನು ನಕಲು ಮಾಡಬಹುದು. ಮಣ್ಣನ್ನು ನಕಲು ಮಾಡಲಾಗದು. ಬಳ್ಳಿ ನೆಲದಿಂದ ಹೀರುವ ಖನಿಜಗಳಲ್ಲಿ ಸ್ಟ್ರಾಂಷಿಯಂ ಒಂದು. ಅದರ ಎರಡು ಐಸೊಟೋಪುಗಳ ಅನುಪಾತ ಕಲ್ಲಿನಿಂದ ಕಲ್ಲಿಗೆ ಬೇರೆ. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಈ ಅನುಪಾತ ಕಡಿಮೆ. ಹಿಮಾಲಯದಿಂದ ಕೊಚ್ಚಿಬಂದ ಗಂಗೆಯ ಮೆಕ್ಕಲಿನಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಭೀಮಾ ತೀರದ ಎರೆಹೊಲದಲ್ಲಿ ಬೆಳೆದ ಬುರುಡೆಯೂ ಬಂಗಾಳದ ಬುರುಡೆಯೂ ಈ ಪರೀಕ್ಷೆಯಲ್ಲಿ ಒಂದೇ ಬಗೆಯ ಉತ್ತರ ಕೊಡಲಾರವು. ಅಮೆರಿಕದ ಚಾಕೊ ಕಣಿವೆಯ ಪುರಾತನ ಕಟ್ಟಡಗಳ ತೊಲೆಗಳು ಯಾವ ಬೆಟ್ಟದಿಂದ ಬಂದವೆಂದು 2001ರಲ್ಲಿ ಪತ್ತೆ ಹಚ್ಚಿದ್ದು ಇದೇ ಉಪಾಯದಿಂದ. ತಂಬೂರಿಯ ಬುರುಡೆಗೆ ಇದನ್ನು ಹಚ್ಚಿ ನೋಡುವುದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ, ಊರೂರಿನ ಹೊಲದ ಮಣ್ಣಿನ ಮಾದರಿ ಬೇಕು.

ಈ ‘ಊರೂರಿನ ಮಾದರಿ’ ಎಂಬುದೇ ಇಡೀ ವಿಷಯದ ತಿರುಳು. ಪರದೇಶದ ಅಳತೆಗೋಲನ್ನು ಹಾಗೆಯೇ ಎತ್ತಿ ತಂದರೆ ಹೇಗೆ ದಾರಿ ತಪ್ಪಬಹುದೆಂಬುದಕ್ಕೆ ಹಿತ್ತಾಳೆಯೇ ನಿದರ್ಶನ. ಯುರೋಪಿನ ಹಳೆಯ ತುತ್ತೂರಿ, ಕಹಳೆಗಳನ್ನು ಪರೀಕ್ಷಿಸುವವರು ಎಕ್ಸ್-ಕಿರಣ ಹಾಯಿಸಿ ಲೋಹದಲ್ಲಿ ಸತುವಿನ ಪ್ರಮಾಣ ನೋಡುತ್ತಾರೆ. ಅಲ್ಲಿ ಹಿಂದೆ ತಾಮ್ರವನ್ನು ಸತುವಿನ ಅದಿರಿನೊಡನೆ ಕಾಸಿ ಹಿತ್ತಾಳೆ ಮಾಡುತ್ತಿದ್ದರು. ಆ ವಿಧಾನದಲ್ಲಿ ಸತು ಸಾಧಾರಣವಾಗಿ ಶೇಕಡಾ 30 ಮೀರುತ್ತಿರಲಿಲ್ಲ. ಶುದ್ಧ ಸತುವನ್ನೇ ತಾಮ್ರಕ್ಕೆ ಬೆರೆಸುವುದು ರೂಢಿಗೆ ಬಂದದ್ದು ತಡವಾಗಿ. ಆದ್ದರಿಂದ ಸತು ಅದಕ್ಕಿಂತ ಹೆಚ್ಚಿದ್ದರೆ ವಾದ್ಯ ಈಚಿನದೆಂದು ಅವರು ಶಂಕಿಸುತ್ತಾರೆ. ಅದೇ ಲೆಕ್ಕವನ್ನು ನಮ್ಮ ದೇವಸ್ಥಾನದ ಕೊಂಬಿಗೋ ಕಹಳೆಗೋ ಹಚ್ಚಿದರೆ ಅನ್ಯಾಯವಾಗುತ್ತದೆ. ರಾಜಸ್ಥಾನದ ಜಾವರ್‌ನಲ್ಲಿ 14ನೇ ಶತಮಾನದ ಹೊತ್ತಿಗಾಗಲೇ ಸತುವನ್ನು ಭಟ್ಟಿ ಇಳಿಸಿ ತೆಗೆಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ನಮ್ಮ ಬೀದರಿನ ಬಿದ್ರಿ ಪಾತ್ರೆಯ ಮೈಯೆಲ್ಲ ಸತುವೇ, ತಾಮ್ರ ಅದರಲ್ಲಿ ಅಲ್ಪ. ಸತುವನ್ನು ಹೀಗೆ ಪಳಗಿಸಿಕೊಂಡಿದ್ದ ನಾಡಿನ ಹಿತ್ತಾಳೆಯನ್ನು ಯುರೋಪಿನ ಕೋಷ್ಟಕ ನೋಡಿ ‘ಈಚಿನದು’ ಎಂದು ತಳ್ಳಿಹಾಕಿದರೆ ಅಸಲಿಯೇ ನಕಲಿಯಾಗಿಬಿಡುತ್ತದೆ.

ಕರ್ನಾಟಕದ ನೆಲದಲ್ಲೇ ಇಂಥ ಪರೀಕ್ಷೆ ಅಚ್ಚುಕಟ್ಟಾಗಿ ನಡೆದ ಒಂದು ಉದಾಹರಣೆಯಿದೆ. ವಾದ್ಯ ಮಾತ್ರ ಮರದ್ದಲ್ಲ, ಕಲ್ಲಿನದು. ಹಂಪಿಯ ವಿಠ್ಠಲ ದೇವಾಲಯದ ಮಹಾಮಂಟಪದ ಕಂಬಗಳನ್ನು ಬೆರಳಿನಿಂದ ತಟ್ಟಿದರೆ ನಾದ ಬರುತ್ತದೆಂಬುದು ಲೋಕಕ್ಕೆಲ್ಲ ಗೊತ್ತು. ಒಂದರಲ್ಲಿ ಮೃದಂಗ, ಒಂದರಲ್ಲಿ ಘಂಟೆ, ಒಂದರಲ್ಲಿ ಜಲತರಂಗ ಎಂದು ತೋರಿಸುವ ವಾಡಿಕೆಯಿತ್ತು. ಒಳಗೆ ಟೊಳ್ಳಿದೆ, ಲೋಹ ತುಂಬಿದ್ದಾರೆ, ಗುಟ್ಟು ತಿಳಿಯಲು ಬ್ರಿಟಿಷರು ಎರಡು ಕಂಬ ಕತ್ತರಿಸಿ ನೋಡಿದರು ಎಂಬ ಮಾತುಗಳೂ ಬೆಳೆದವು. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ಅನೀಶ್ ಕುಮಾರ್, ಬಲದೇವ್ ರಾಜ್ ಮತ್ತು ಸಂಗಡಿಗರು ತಮ್ಮ ಉಪಕರಣಗಳನ್ನು ಹೊತ್ತು ಹಂಪಿಗೆ ಬಂದರು. ರಿಯಾಕ್ಟರಿನ ಲೋಹದ ಭಾಗಗಳಲ್ಲಿ ಒಡೆಯದೆಯೇ ಬಿರುಕು ಹುಡುಕುವುದು ಅವರ ನಿತ್ಯದ ಕೆಲಸ. ಆ ವಿದ್ಯೆಯನ್ನೇ ಅವರು ಕಲ್ಲಿನ ಕಂಬಕ್ಕೆ ಹಚ್ಚಿದರು.

ಹೆಸರಾದ 11 ಕಂಬಗಳನ್ನು ಆರಿಸಿಕೊಂಡು ಅವುಗಳ ನಾದವನ್ನು ಧ್ವನಿಮುದ್ರಿಸಿ, ಯಾವ ಆವರ್ತಾಂಕಗಳು ಎಷ್ಟು ಬಲವಾಗಿವೆಯೆಂದು ಬಿಡಿಸಿ ನೋಡಿದರು. ಅದನ್ನು ಆಯಾ ನಿಜವಾದ್ಯಗಳ ನಾದದ ಜತೆಗಿಟ್ಟು ಹೋಲಿಸಿದರು. ಶ್ರವಣಾತೀತ ತರಂಗಗಳನ್ನು ಕಂಬದ ಅಡ್ಡಕ್ಕೆ ಹಾಯಿಸಿದರು. ಒಳಗೆ ಟೊಳ್ಳಿದ್ದರೆ ತರಂಗ ಸುತ್ತಿ ಬರಬೇಕು, ತಡವಾಗಬೇಕು, ಹಾಗಾಗಲಿಲ್ಲ. ಸಣ್ಣದಾಗಿ ತಟ್ಟಿ ಮಾರ್ದನಿ ಹಿಡಿಯುವ ಪರೀಕ್ಷೆಯನ್ನೂ ಮಾಡಿದರು. ಕಲ್ಲಿನ ಹರಳುಗಳ ಸೂಕ್ಷ್ಮರಚನೆಯನ್ನು ಕಂಬ ನಿಂತ ಜಾಗದಲ್ಲೇ ಪರೀಕ್ಷಿಸಿದರು. 2008ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಂಬಗಳು ಗಟ್ಟಿ ಕಲ್ಲಿನವು, ಟೊಳ್ಳಿಲ್ಲ. ನಾದ ಹುಟ್ಟುವುದು ಸಪೂರವಾದ ಕಲ್ಲಿನ ಕಂಬ ಬಿಲ್ಲಿನಂತೆ ಬಾಗಿ ಕಂಪಿಸುವುದರಿಂದ. ಅಂದರೆ ಕಂಬದ ಉದ್ದ, ದಪ್ಪ, ಕಲ್ಲಿನ ಗುಣ ಇವಿಷ್ಟೇ ಸ್ವರವನ್ನು ನಿರ್ಧರಿಸುತ್ತವೆ. ಈ ಉತ್ತರದಿಂದ ವಿಜಯನಗರದ ಕಲ್ಲುಕುಟಿಗನ ಕೀರ್ತಿ ಕುಗ್ಗಿತೇ? ಒಳಗೆ ಏನನ್ನೋ ಅಡಗಿಸಿಟ್ಟು ನಾದ ಹೊರಡಿಸುವುದಕ್ಕಿಂತ, ಬರಿಯ ಉಳಿಯಿಂದ ಗಟ್ಟಿ ಕಲ್ಲನ್ನು ನಾದ ಬರುವ ಅಳತೆಗೆ ತರುವುದು ದೊಡ್ಡ ಕಸುಬುದಾರಿಕೆ. ಅದು ಕತೆಯಿಂದ ಕಾಣುತ್ತಿರಲಿಲ್ಲ, ಅಳತೆಯಿಂದ ಕಂಡಿತು.

ವಾದ್ಯ ಅಸಲಿ ಎಂದರೇನು ಎಂಬ ಪ್ರಶ್ನೆ ಕಗ್ಗಂಟಾಗುವುದು ಶ್ರೀರಂಗಪಟ್ಟಣದ ಹುಲಿಯ ಮುಂದೆ. ಟಿಪ್ಪು ಸುಲ್ತಾನನಿಗಾಗಿ ಮಾಡಿದ, ಬಿಳಿಯನ ಮೇಲೆ ಎರಗಿ ನಿಂತ ಈ ಮರದ ಹುಲಿಯನ್ನು ಬಹಳ ಜನ ಆಟಿಕೆ ಎಂದುಕೊಂಡಿದ್ದಾರೆ. ಅದೊಂದು ವಾದ್ಯ. ಉದ್ದ ಸುಮಾರು ಒಂದೂಮುಕ್ಕಾಲು ಮೀಟರ್. ಹಿಡಿ ತಿರುಗಿಸಿದರೆ ತಿದಿಗಳು ಉಬ್ಬಿ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ನರಳುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ 18 ಸ್ವರಗಳ, ದಂತದ ಗುಂಡಿಗಳ ಒಂದು ಪುಟ್ಟ ಆರ್ಗನ್ ಇದೆ. 1799ರಲ್ಲಿ ಅರಮನೆಯಿಂದ ಲೂಟಿಯಾಗಿ ಲಂಡನ್ನಿಗೆ ಹೋದ ಇದು 1808ರಿಂದ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರ ಕೈಗೆ ಸಿಕ್ಕು, ಹಿಡಿ ತಿರುಗಿಸಿ ತಿರುಗಿಸಿ ಸವೆಯಿತು. ಎರಡನೇ ಮಹಾಯುದ್ಧದಲ್ಲಿ, ಆಗ ಅದಿದ್ದ ಕಟ್ಟಡದ ಮೇಲ್ಛಾವಣಿ ಕುಸಿದು ಹುಲಿ ಚೂರುಚೂರಾಯಿತು. ಯುದ್ಧ ಮುಗಿದ ಮೇಲೆ ಜೋಡಿಸಿದರು. ಆರ್ಗನ್ ತಜ್ಞರು ಒಳಗಿನ ಯಂತ್ರವನ್ನು ಬಿಚ್ಚಿ ಪರೀಕ್ಷಿಸಿದಾಗ, ಬ್ರಿಟನ್ನಿನಲ್ಲಿ ನಡೆದ ರಿಪೇರಿಗಳಲ್ಲೇ ಮೂಲ ಯಂತ್ರದ ಬಹಳಷ್ಟು ಕಳೆದುಹೋಗಿರುವುದು ಗೊತ್ತಾಯಿತು. ಯಂತ್ರ ಫ್ರೆಂಚರ ಕೈಯದೋ ಮೈಸೂರು ಸೀಮೆಯವರ ಕೈಯದೋ ಎಂಬ ಚರ್ಚೆಗೆ ಬೇಕಾಗಿದ್ದ ಸಾಕ್ಷ್ಯವೇ ರಿಪೇರಿಯಲ್ಲಿ ಕರಗಿದೆ. ಸದುದ್ದೇಶದ ದುರಸ್ತಿ ಎಷ್ಟು ಕೇಡು ಮಾಡಬಲ್ಲದೆಂದು ಇದಕ್ಕಿಂತ ನೋವಿನಿಂದ ಹೇಳುವ ವಸ್ತು ಮೈಸೂರು ಸೀಮೆಯದು ಬೇರೊಂದಿಲ್ಲ.

ಹಾಗೆಂದು ಎಲ್ಲ ಬದಲಾವಣೆಯೂ ಕೇಡಲ್ಲ. ಮೈಸೂರಿನ ಪಿಟೀಲು ಚೌಡಯ್ಯನವರು 1927ರಲ್ಲಿ ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದರು. ಕ್ರೆಮೋನಾದ ಕಣ್ಣಿನಿಂದ ನೋಡಿದರೆ ಅದು ಮೂಲರೂಪ ಕೆಟ್ಟ ವಾದ್ಯ. ಕರ್ನಾಟಕ ಸಂಗೀತದ ಚರಿತ್ರೆಗೆ ಆ ಹೆಚ್ಚಿನ ಬಿರಡೆಗಳ ತೂತುಗಳೇ ಅಸಲಿತನದ ಗುರುತು. ಪರೀಕ್ಷೆ ಮಾಡುವವರು ಇದನ್ನು ಮರೆಯಬಾರದು. ನಮ್ಮಲ್ಲಿ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ, ನುಡಿಸಿ ಕಾಪಾಡಿದರು. ಬುರುಡೆ ಒಡೆದರೆ ಬದಲಿಸಿದರು, ಅರಗಿನ ಪಾಲಿಶ್ ಮಂಕಾದರೆ ಮತ್ತೆ ಬಳಿದರು, ದಂತದ ಪಟ್ಟಿ ಬಿದ್ದರೆ ಸೆಲ್ಯುಲಾಯ್ಡ್ ಕೂರಿಸಿದರು. ಸೆಲ್ಯುಲಾಯ್ಡ್ ಮಾರುಕಟ್ಟೆಗೆ ಬಂದದ್ದೇ 1870ರ ಈಚೆಗೆ. ದಂತದಲ್ಲಿ ಕಾಣುವ ಜಾಲರಿಯಂಥ ಗೆರೆಗಳು ಅದರಲ್ಲಿ ಇರುವುದಿಲ್ಲ, ಭೂತಗನ್ನಡಿ ಹಿಡಿದರೂ ಗೊತ್ತಾಗುತ್ತದೆ. ಆದರೆ ಅದು ಸಿಕ್ಕಿತೆಂದ ಮಾತ್ರಕ್ಕೆ ವಾದ್ಯ ಸುಳ್ಳಾಗುವುದಿಲ್ಲ. ದಂಡಿ 1860ರದ್ದು, ಬುರುಡೆ 1930ರದ್ದು, ಕುದುರೆ ಮೊನ್ನೆಯದು ಎಂದಿರಬಹುದು. ಒಂದು ಭಾಗದಿಂದ ಒಂದೇ ಪುಡಿ ತೆಗೆದು ಇಡೀ ವಾದ್ಯಕ್ಕೆ ತೀರ್ಪು ಕೊಡುವುದು ತಪ್ಪು. ಭಾಗಭಾಗಕ್ಕೂ ಬೇರೆ ಬೇರೆ ಇಸವಿ ಬರೆಯುವುದೇ ಸರಿ.

ಪುಣೆಗೆ ಮರಳಿದರೆ, ಬಾಜೀರಾವ್ ರಸ್ತೆಯ ಬಳಿಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ವಾದ್ಯಗಳದ್ದೇ ಒಂದು ವಿಭಾಗವಿದೆ. ದಿನಕರ ಕೇಳಕರರು ಎಳೆವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ನೆನಪಿಗಾಗಿ ಹಳ್ಳಿಹಳ್ಳಿ ತಿರುಗಿ ಕೂಡಿಸಿದ 20 ಸಾವಿರಕ್ಕೂ ಮಿಕ್ಕಿದ ವಸ್ತುಗಳ ಭಂಡಾರ ಅದು. ಅದೇ ಊರಿನ ಪಾಷಾಣದಲ್ಲಿ ಮರದುಂಗುರ ಅಳೆಯುವವರಿದ್ದಾರೆ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವ ವಿಜ್ಞಾನಿಗಳಿದ್ದಾರೆ. ರೈಲು ಹತ್ತಿದರೆ ಮೀರಜ್ ದೂರವಿಲ್ಲ. ವಾದ್ಯ, ಪ್ರಯೋಗಾಲಯ, ಕಸುಬುದಾರರು ಮೂರೂ ಇಷ್ಟು ಹತ್ತಿರದಲ್ಲಿರುವ ಊರು ನಮ್ಮ ದೇಶದಲ್ಲಿ ವಿರಳ.

2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಬೇರೆಡೆ ಮಾಡಿದ್ದನ್ನು ಮೀರಜಿನದೆಂದು ಮಾರುವವರ ವಿರುದ್ಧ ಇನ್ನು ಕಾನೂನಿನ ಮೊರೆ ಹೋಗಬಹುದು. ಆದರೆ ಕಾನೂನಿನ ಮುಂದೆ ನಿಂತಾಗ ಪುರಾವೆ ಬೇಕಲ್ಲ. ಆ ಪುರಾವೆಯನ್ನು ಕೂಡಿಡುವ ಕೆಲಸ ಅಗ್ಗದ್ದು, ಇಂದೇ ಶುರುಮಾಡಬಹುದಾದದ್ದು. ಪ್ರತಿ ಹಂಗಾಮಿನಲ್ಲಿ ಬಂದ ಬುರುಡೆಗಳಲ್ಲಿ ಒಡೆದುಹೋದ ಒಂದರ ಚೂರು, ಅದು ಬೆಳೆದ ಹೊಲದ ಒಂದು ಮುಷ್ಟಿ ಮಣ್ಣು, ತುಣ್ ಮರದ ತಬಲಿ ಕೊಯ್ದಾಗ ಉಳಿದ ಚಕ್ಕೆ, ಆ ವರ್ಷ ಬಳಸಿದ ಅರಗಿನ ಒಂದು ತುಣುಕು: ಇವನ್ನು ಪೊಟ್ಟಣ ಕಟ್ಟಿ, ಊರು, ಇಸವಿ ಬರೆದು ಒಂದೆಡೆ ಇಟ್ಟರೆ ಮುಂದೆ ಬರುವ ಪ್ರಯೋಗಾಲಯಗಳಿಗೆ ಅಳತೆಗೋಲು ಸಿದ್ಧವಾಗುತ್ತದೆ. ಅದರ ಜತೆಗೆ, ರಿಪೇರಿಗೆ ಬಂದ ಹಳೆಯ ತಂಬೂರಿಯ ತಬಲಿ ಬಿಚ್ಚಿದ ದಿನ ಒಳಮೈಯ ಒಂದೆರಡು ಫೋಟೋ ತೆಗೆದು, ಬದಲಿಸಿದ ಭಾಗವನ್ನು ಎಸೆಯದೆ ವಾದ್ಯದವರಿಗೇ ಮರಳಿಸಿ, ಏನು ಬದಲಿಸಿದೆವೆಂದು ಪೆನ್ಸಿಲಿನಲ್ಲಿ ದಂಡಿಯ ಒಳಗೆ ಒಂದು ಸಾಲು ಬರೆದಿಟ್ಟರೂ ಸಾಕು.